ಪಾರ್ಕ್ ನೀರು ಮತ್ತೆ ಕೆಳಗಿನ ಅಡ್ಡರಸ್ತೆಗೆ

ಮನೆ 27: ರಾತ್ರಿ ಮಳೆಗೆ ಸಂಪ್ ತುಂಬ ಕೆಸರು! ಪಾರ್ಕ್ ಚೆಂದ ಮಾಡ್ತೀವಿ ಅಂತ ನೆಲಕ್ಕೆ ಪೇವರ್ ಕಲ್ಲು ಹಾಕಿಸಿದವರು ಈಗಲೇ ಬಂದು ನೋಡ್ಲಿ. ಇನ್ನು ಸಹಿಸೋಕಾಗಲ್ಲ.

ಮನೆ 9: ಪೇವರ್ ಬೇಕು ಅಂತ ಸಹಿ ಹಾಕಿದವರಲ್ಲಿ ನೀವೂ ಇದ್ರಿ ಸರ್.

ಮನೆ 27: ಕೆಳಗೆ ಕಾಂಕ್ರೀಟ್ ಸುರೀರಿ ಅಂತ ನಾನು ಹೇಳಿದ್ನಾ?

ಮನೆ 41: ಸಹಿ ವಿಷಯ ಆಮೇಲೆ. 400 ಚದರ ಮೀಟರ್ ಪೇವರ್ ಮೇಲೆ 50 ಮಿ.ಮೀ. ಮಳೆ ಬಿದ್ರೆ 20,000 ಲೀಟರ್ ನೀರು. ಅಡಿಯಲ್ಲಿ ಕಾಂಕ್ರೀಟ್ ಇರೋದ್ರಿಂದ ಇಂಗೋಕೆ ದಾರಿನೇ ಇಲ್ಲ. ಇಳಿಜಾರಿನ ತುದಿಯ ಹುಲ್ಲು ತೆಗೆದು 10 ಮೀ. ಉದ್ದ, 4 ಮೀ. ಅಗಲದ ಮಳೆತೋಟ ಮಾಡೋಣ, ಅಂದ್ರೆ ಹರಿದು ಬಂದ ಮಳೆನೀರು ನಿಂತು ಇಂಗೋ ತಗ್ಗಿನ ಗಿಡದ ಪಾತಿ. 75 ಸೆಂ.ಮೀ. ಅಗೆದು 60 ತುಂಬಿಸಿ, ಮೇಲೆ 15 ತಗ್ಗು ಬಿಡಬೇಕು. ಆ ತಗ್ಗಿನಲ್ಲೇ 6,000 ಲೀಟರ್ ನಿಲ್ಲುತ್ತೆ, ಮಣ್ಣಿನ ಸಂದಿಗಳಲ್ಲಿ ಹೆಚ್ಚುಕಡಿಮೆ ಅಷ್ಟೇ. ಮಿಕ್ಕಿದ್ದು 6 ಇಂಚಿನ ಪೈಪಲ್ಲಿ ಮೋರಿಗೆ.

ತುಂಬೋದು: ತೊಳೆದ ದಪ್ಪ ಮರಳು 6 ಪಾಲು, ಮೇಲ್ಮಣ್ಣು 2, ಕಾಂಪೋಸ್ಟ್ 2. ಪುಡಿ ಜಾಸ್ತಿ ಇರೋ ಎಂ ಸ್ಯಾಂಡ್ (ಕಲ್ಲು ಅರೆದ ಮರಳು) ಬೇಡ, ಗಟ್ಟಿ ಕಟ್ಟುತ್ತೆ.

ಮನೆ 9: ಸೊಳ್ಳೆ?? ಡೆಂಗ್ಯೂ ಬಂದ್ರೆ ಯಾರು ಜವಾಬ್ದಾರಿ?

ಮನೆ 33: 🌸 ಶುಭೋದಯ 🌸 ನಗುತ್ತಿರಿ, ನಗಿಸುತ್ತಿರಿ (ಫಾರ್ವರ್ಡ್)

ಮನೆ 41: ಸೊಳ್ಳೆ ಮೊಟ್ಟೆಯಿಂದ ಹಾರೋಕೆ ಸುಮಾರು ಒಂದು ವಾರ ಬೇಕು. ಗಂಟೆಗೆ 2.5 ಸೆಂ.ಮೀ. ಇಂಗಿದ್ರೆ ತಗ್ಗು 6 ಗಂಟೆಯಲ್ಲಿ ಖಾಲಿ. ಮೊದಲು ಪರೀಕ್ಷೆ: 30 ಸೆಂ.ಮೀ. ಗುಂಡಿಗೆ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತೆ ಅಂತ ಅಳೀಬೇಕು. ನಿಧಾನ ಅನ್ಸಿದ್ರೆ ತಳದಲ್ಲಿ ಜಲ್ಲಿ, ತೂತಿನ ಪೈಪ್. ಮೇಸ್ತ್ರಿಗಳು ಸುತ್ತ ಕಟ್ಟೆ ಕಟ್ಟಿಬಿಡ್ತಾರೆ, ಆಮೇಲೆ ನೀರು ಒಳಗೇ ಬರಲ್ಲ. ಕಟ್ಟೆಯಲ್ಲಿ 45 ಸೆಂ.ಮೀ. ಬಾಯಿ ಬಿಡಲೇಬೇಕು, ಅಲ್ಲಿ 40 ಮಿ.ಮೀ. ಜಲ್ಲಿ ಹರಡಬೇಕು.

ಮನೆ 12: ಬಾತುಕೋಳಿನೂ ಬಿಡೋಣ 😄

ಮನೆ 18: ನೋಡೋಕೆ ಹೇಗಿರುತ್ತೆ ಮೇಡಂ? ಪೊದೆ ಥರ ಆಗ್ಬಾರ್ದು.

ಮನೆ 41: ಆಗಲ್ಲ. ನೀರು ಬರೋ ಬಾಯಲ್ಲಿ ಲಾವಂಚ, ನಡುವೆ ಕಾಬಾಳೆ, ಅಂಚಿಗೆ ಕೇಪಳ, ಮೂಲೆಗೆ ಒಂದು ಹೊಳೆದಾಸವಾಳ. ಅದು ಹೊಳೆ ದಂಡೆಯ ಮರ, ಬೇರಿಗೆ ನೀರು ತಗುಲಿದ್ರೂ ತಡೆಯುತ್ತೆ, ಬೇಸಿಗೆಯಲ್ಲಿ ನೇರಳೆ ಹೂ. ಹಿಂದೆ ಬೆಂಗಳೂರಿನ ಲಾಲ್‌ಬಾಗ್ ನೋಡ್ಕೊಳ್ತಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಒಂದಾದ ಮೇಲೆ ಒಂದು ಹೂ ಬಿಡೋ ಮರಗಳನ್ನೇ ಆರಿಸಿ ನೆಡಿಸಿದ್ರು. ನಾವೂ ತಿಂಗಳು ನೋಡಿ ಆರಿಸೋಣ.

ಮನೆ 9: ಮೊದಲು ಪೇವರ್ ದುಡ್ಡಿನ ಲೆಕ್ಕ ಕೊಡ್ಲಿ. ಆಮೇಲೆ ತೋಟ.

ಮನೆ 27: ಲೆಕ್ಕ ಕೇಳ್ತಾ ಕೂತ್ರೆ ಮುಂದಿನ ಮಳೆಗೂ ನನ್ನ ಸಂಪ್‌ಗೇ ನೀರು!

ಮನೆ 5: ಜಗಳ ಬೇಡ. ಭಾನುವಾರ 7ಕ್ಕೆ ಪರೀಕ್ಷೆ ಗುಂಡಿ. ಹಾರೆ, ಗುದ್ದಲಿ ಇರೋರು ತನ್ನಿ.

ಮನೆ 18: ಮರಳು ಗಾಡಿ ಒಳಗೆ ಹೇಗೆ ಬರುತ್ತೆ? ಗೇಟಿಗೆ ಅಡ್ಡ ಬಿಳಿ ಕಾರು ನಿಂತೇ ಇದೆ.

ಮನೆ 9: ಅದು ನಮ್ಮ ರಸ್ತೆಯವರದೇ ಅಲ್ಲ. ಪಾರ್ಕಿಂಗ್ ಸ್ಟಿಕ್ಕರ್ ಮಾಡಿಸಿ ಅಂತ ಎಷ್ಟು ಸಲ ಹೇಳೋದು?

ಮನೆ 5: ಸರಿ, ಸ್ಟಿಕ್ಕರ್‌ಗೆ ಎಲ್ಲರೂ ಗಾಡಿ ನಂಬರ್ ಇಲ್ಲೇ ಹಾಕಿ.

ಮನೆ 12: ನಮ್ಮದು ಎರಡು ಸ್ಕೂಟರ್, ಒಂದು ಕಾರು.