ಎಂಬಿಎ ಕಾರ್ಪೊರೇಟ್ ಫೈನಾನ್ಸ್ ತಲೆಗೆ ಹತ್ತುತ್ತಿಲ್ಲ, ಓದಿದವರು ಹೇಳಿ

ಪ್ರಶ್ನೆ, ಉಡುಪಿಯಿಂದ:
ನಾನು ಬಿಎಸ್ಸಿ ಮುಗಿಸಿ ಮಂಗಳೂರಿನಲ್ಲಿ ಎಂಬಿಎಗೆ ಸೇರಿದವಳು. ಕಾರ್ಪೊರೇಟ್ ಫೈನಾನ್ಸ್ ಸೂತ್ರ ಎಲ್ಲ ಬಾಯಿಪಾಠ ಬರುತ್ತದೆ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಕೈ ಓಡುವುದಿಲ್ಲ. ಬಿಕಾಂ ಮಾಡಿದವರ ಸಮಕ್ಕೆ ಬರುವುದು ಹೇಗೆ?

ಕಂಕನಾಡಿಯಿಂದ:
ತಂಗಿ, ನನಗೂ ಹೀಗೇ ಆಗಿತ್ತು. ಒಂದು ವಾರ ಸೂತ್ರ ಮುಚ್ಚಿಡಿ. ಕ್ಯಾಲ್ಕುಲೇಟರ್, ನೋಟ್‌ಬುಕ್ ಸಾಕು. ಮಲ್ಪೆಯಲ್ಲಿ ಒಬ್ಬರು ಐಸ್ ಪ್ಲಾಂಟ್‌ಗೆ 10 ಲಕ್ಷದ ಮಷೀನ್ ಹಾಕುತ್ತಾರೆ ಅಂದುಕೊಳ್ಳಿ. ವರ್ಷದ ಕೊನೆಗೆ 3 ಲಕ್ಷದಂತೆ 4 ವರ್ಷ ಹಣ ಬರುತ್ತದೆ. ಒಟ್ಟು 12 ಲಕ್ಷ. ಲಾಭ 2 ಲಕ್ಷ ಅನ್ನಿಸುತ್ತದೆ ಅಲ್ವಾ? ಆದರೆ ಅದೇ ಹಣಕ್ಕೆ ಬೇರೆ ಕಡೆ ಶೇಕಡಾ 12 ಸಿಗುವುದಾದರೆ, ಮೊದಲ ವರ್ಷದ 3 ಲಕ್ಷಕ್ಕೆ ಇವತ್ತು 2.68 ಲಕ್ಷ ಬೆಲೆ, ಯಾಕೆಂದರೆ ಇವತ್ತಿನ 2.68 ಲಕ್ಷ ಶೇಕಡಾ 12ರಂತೆ ಬೆಳೆದು ವರ್ಷದ ಕೊನೆಗೆ 3 ಲಕ್ಷ ಆಗುತ್ತದೆ. ಎರಡನೇ ವರ್ಷದ್ದಕ್ಕೆ 2.39. ನಾಲ್ಕನ್ನೂ ಕೂಡಿಸಿದರೆ 9.11 ಲಕ್ಷ. ಹಾಕುವುದು 10. ಹತ್ತಿರ ಹತ್ತಿರ 89 ಸಾವಿರ ಕಡಿಮೆ ಬಿತ್ತು. ಎನ್‌ಪಿವಿ (ನೆಟ್ ಪ್ರೆಸೆಂಟ್ ವ್ಯಾಲ್ಯೂ) ಅಂದರೆ ಇದೇ, ಮುಂದೆ ಬರುವ ಹಣದ ಇವತ್ತಿನ ಬೆಲೆಯಲ್ಲಿ ಹಾಕಿದ ಹಣ ಕಳೆದದ್ದು. ಪುಸ್ತಕದ ಹಿಂದಿನ ಟೇಬಲ್ ನೋಡಬೇಡಿ, ಪ್ರತಿ ವರ್ಷಕ್ಕೂ 1.12ರಿಂದ ನೀವೇ ಭಾಗಿಸುತ್ತಾ ಹೋಗಿ. ನನಗೆ ವಿಷಯ ಹಿಡಿತಕ್ಕೆ ಬಂದದ್ದು ಹಾಗೆ ಭಾಗಿಸುವಾಗಲೇ.

ಮಣಿಪಾಲದಿಂದ:
ನಾನು ಎಂಜಿನಿಯರಿಂಗ್ ಕಡೆಯವನು. ನನಗೆ ಜಾಸ್ತಿ ಕಾಡಿದ್ದು ಸವಕಳಿ, ಅಂದರೆ ಮಷೀನ್ ಸವೆದು ಬೆಲೆ ಇಳಿಯುವುದಕ್ಕೆ ವರ್ಷ ವರ್ಷ ಲೆಕ್ಕದಲ್ಲಿ ಬರೆಯುವ ಖರ್ಚು. ಲಾಭದಿಂದ ಅದನ್ನು ಕಳೆಯುತ್ತೇವೆ, ಆದರೆ ಹಣ ಯಾರಿಗೂ ಹೋಗುವುದಿಲ್ಲ. ಹಾಗಂತ ಬಿಟ್ಟುಬಿಡುವ ಹಾಗಿಲ್ಲ, ಅದರಿಂದ ತೆರಿಗೆ ಇಳಿಯುತ್ತದೆ. ಸವಕಳಿ 2 ಲಕ್ಷ, ತೆರಿಗೆ ಶೇಕಡಾ 25 ಇದ್ದರೆ 50 ಸಾವಿರ ಉಳಿಯಿತು. ಬಿಕಾಂ ಮಾಡಿದ ಗೆಳತಿಯ ಹತ್ತಿರ ಎರಡು ಸಂಜೆ ಕೂತು ಕ್ಯಾಶ್ ಫ್ಲೋ (ನಿಜವಾಗಿ ಕೈಗೆ ಬಂದ, ಕೈಯಿಂದ ಹೋದ ಹಣದ ಲೆಕ್ಕ) ಹೇಳಿಸಿಕೊಳ್ಳಿ. ನೀವು ಅವರಿಗೆ ಸ್ಟಾಟಿಸ್ಟಿಕ್ಸ್ ಹೇಳಿಕೊಡಬಹುದು.

ಕುಂಜಿಬೆಟ್ಟಿನಿಂದ, ನಿವೃತ್ತ ಬ್ಯಾಂಕ್ ನೌಕರ:
ಮಗಳೇ, ಊರಿನದ್ದೇ ಉದಾಹರಣೆ ಹಿಡಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಸಿಂಡಿಕೇಟಿನ 1000 ಶೇರಿಗೆ ಕೆನರಾದ 158 ಶೇರು. "ಉಳಿದ 842 ಎಲ್ಲಿಗೆ ಹೋಯಿತು?" ಅಂತ ನನ್ನನ್ನು ತುಂಬ ಜನ ಕೇಳಿದರು. ಶೇರು ಎಷ್ಟು ಅಂತ ಎಣಿಸಿದರೆ ಆಗಲಿಲ್ಲ, ಒಂದೊಂದರ ಬೆಲೆ ಎಷ್ಟು ಅಂತಲೂ ನೋಡಬೇಕು. ಆಗಿನ ಎರಡೂ ಶೇರಿನ ಬೆಲೆ ಹುಡುಕಿ ನೀನೇ ಲೆಕ್ಕ ಹಾಕಿ ನೋಡು. ಮತ್ತೆ ಒಂದು ಮಾತು. ಸಾಲ ಎಷ್ಟು, ಸ್ವಂತ ಬಂಡವಾಳ ಎಷ್ಟು ಎಂಬ ಪಾಠಕ್ಕೆ ಬ್ಯಾಂಕನ್ನು ತೆಗೆದುಕೊಳ್ಳಬೇಡ. ಬ್ಯಾಂಕಿಗೆ ಠೇವಣಿಯೇ ಕಚ್ಚಾ ಸರಕು, ಲೆಕ್ಕ ಬೇರೆ ಥರ ಕಾಣುತ್ತದೆ. ಆ ಪಾಠಕ್ಕೆ ನಮ್ಮ ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿಕೋ.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಕ್ಕ, ಮಷೀನ್ ಲೆಕ್ಕ ರಾತ್ರಿ ಮಾಡಿದೆ. ಶೇಕಡಾ 8 ಇಟ್ಟರೆ 9.94 ಲಕ್ಷ ಬಂತು, 7 ಇಟ್ಟರೆ 10.16. ಹಾಗಾದರೆ ಐಆರ್‌ಆರ್ (ಇಂಟರ್ನಲ್ ರೇಟ್ ಆಫ್ ರಿಟರ್ನ್) ಅನ್ನುವುದು ಇವೆರಡರ ನಡುವೆ ಸರಿಯಾಗಿ 10 ಬರುವ ದರವಾ?

ಕಂಕನಾಡಿಯಿಂದ:
ಹೌದು ತಂಗಿ. 7.7 ಇಟ್ಟು ನೋಡಿ.