−6 ಡಿಗ್ರಿಯಲ್ಲಿ ಒಂದು ಸಸಿ ಸಾಯುತ್ತದೆ, ಪಕ್ಕದ್ದು ಉಳಿಯುತ್ತದೆ; ಉಪ್ಪುನೀರಿಗೆ ಎಲ್ಲವೂ ಬಾಡಿ ಮತ್ತೆ ಏಳುತ್ತವೆ. ಯಾಕೆ?

ಗರಿಕೆ (ಪ್ರಶ್ನೆ)

ಮೂರು ವಾರದ ಗೋಧಿ ಸಸಿಗಳು, 20 ಡಿಗ್ರಿಯಲ್ಲಿ ಬೆಳೆದವು, ಚಳಿಗೆ ಪಳಗಿಸಿಲ್ಲ. ಗಂಟೆಗೆ 2 ಡಿಗ್ರಿಯಂತೆ −6ರ ತನಕ ಇಳಿಸಿ, ಎರಡು ಗಂಟೆ ಇಟ್ಟು ಹೊರತೆಗೆದದ್ದು. ಒಂದೇ ಟ್ರೇಯಲ್ಲಿ ಕೆಲವು ಬೆಂದ ಸೊಪ್ಪಿನಂತಾದವು, ಪಕ್ಕದವು ಏನೂ ಆಗದಂತೆ ನಿಂತಿವೆ. ಮತ್ತೊಮ್ಮೆ ಮಾಡಿದರೆ ಲೆಕ್ಕ ತಲೆಕೆಳಗು.

ಇನ್ನೊಂದು ಟ್ರೇಗೆ 150 ಮಿಲಿಮೋಲಾರ್ (ಲೀಟರಿಗೆ ಸುಮಾರು 8.8 ಗ್ರಾಂ) ಉಪ್ಪುನೀರು ಒಂದೇ ಸಲಕ್ಕೆ ಕೊಟ್ಟಾಗ ಅರ್ಧ ಗಂಟೆಯಲ್ಲಿ ಬಾಡಿ, ಮರುದಿನ ಎದ್ದವು. ಈ ತಳಿ ಉಪ್ಪು ತಡೆಯುತ್ತದೆ ಎನ್ನಬಹುದೇ? ಹಿಮವೂ ಉಪ್ಪೂ ಕೊನೆಗೆ ನೀರಿನ ಕೊರತೆಯೇ ಅನ್ನುತ್ತಾರಲ್ಲ, ಅದು ಎಷ್ಟು ನಿಜ?

ಒಳಪೊರೆ

ಉಳಿದ ಸಸಿಗಳು ಗಟ್ಟಿಯಾದವಲ್ಲ, ಅವು ಹೆಪ್ಪುಗಟ್ಟಲೇ ಇಲ್ಲ. ನೀರು 0 ಡಿಗ್ರಿ ದಾಟಿದ ಕೂಡಲೇ ಗಡ್ಡೆಯಾಗಬೇಕೆಂದಿಲ್ಲ. ಹರಳು ಕಟ್ಟಲು ಒಂದು ನೆಪ ಬೇಕು: ಧೂಳಿನ ಕಣ, ಇಲ್ಲವೇ ಎಲೆ ಮೇಲೆ ವಾಸಿಸುವ ಸ್ಯೂಡೋಮೊನಾಸ್ ಸಿರಿಂಜೆಯಂಥ ಬ್ಯಾಕ್ಟೀರಿಯಾ. ಅದು −2ರ ಸುಮಾರಿಗೇ ಹರಳು ಹುಟ್ಟಿಸಬಲ್ಲದು. ನೆಪ ಸಿಗದ ಎಲೆ −6ರಲ್ಲೂ ದ್ರವವಾಗಿಯೇ ಇರುತ್ತದೆ. ಎಲೆಗೆ ತೆಳು ಥರ್ಮೋಕಪಲ್ (ತಾಪ ಅಳೆಯುವ ತಂತಿ) ಅಂಟಿಸಿ ನೋಡಿ: −4, −5 ಎಂದು ಇಳಿಯುತ್ತಿದ್ದ ಗೆರೆ ಥಟ್ಟನೆ −1ರ ಹತ್ತಿರಕ್ಕೆ ಜಿಗಿಯುತ್ತದೆ. ನೀರು ಗಡ್ಡೆಯಾಗುವಾಗ ಕಿಲೋಗೆ 334 ಕಿಲೋಜೂಲ್‌ನಂತೆ ಬಿಟ್ಟುಕೊಡುವ ಶಾಖ ಅದು. ಆ ಜಿಗಿತ ಕಾಣದ ಸಸಿಯನ್ನು "ಬದುಕಿದ್ದು" ಎಂದು ಎಣಿಸಬೇಡಿ.

ಸರಿಪಡಿಸುವುದು ಸುಲಭ. −2ಕ್ಕೆ ಬಂದಾಗ ನಿಲ್ಲಿಸಿ, ಪ್ರತಿ ಸಸಿಗೂ ಪುಡಿ ಮಂಜುಗಡ್ಡೆ ಮುಟ್ಟಿಸಿ, ಒಂದು ಗಂಟೆ ಬಿಡಿ. ಎಲೆ ಮೊದಲೇ ತೇವವಾಗಿರಲಿ; ಒಣ ಮೇಣದ ಮೇಲೆ ಕೂತ ಚೂರಿನಿಂದ ಹರಳು ಪತ್ರರಂಧ್ರದ ಒಳಕ್ಕೆ ಬೆಳೆಯುವುದಿಲ್ಲ. ಆಮೇಲೆ ಗಂಟೆಗೆ 1–2 ಡಿಗ್ರಿಯಂತೆ ಇಳಿಸಿ. ಸೆನ್ಸರ್ ಗಾಳಿಯಲ್ಲಲ್ಲ, ಸಸಿಯ ಬುಡದಲ್ಲಿರಲಿ. ತಣಿಯುವುದರಲ್ಲಿ ಒದ್ದೆ ಮಣ್ಣು ಗಾಳಿಗಿಂತ ಬಹಳ ಹಿಂದೆ ಉಳಿಯುತ್ತದೆ. ಕರಗಿಸುವುದು 4 ಡಿಗ್ರಿಯಲ್ಲಿ, ರಾತ್ರಿಯಿಡೀ.

ಕರಗಿಸುವಾಗ ಆತುರ ಯಾಕೆ ಬೇಡ ಅಂದರೆ, ಪಳಗದ ಕೋಶ ಎಷ್ಟೋ ಸಲ ಒಡೆಯುವುದು ಆಗಲೇ. ಗಡ್ಡೆ ಮೊದಲು ಕಟ್ಟುವುದು ಕೋಶಗಳ ಹೊರಗಿನ ಸಂದುಗಳಲ್ಲಿ. ಅದು ಒಳಗಿನ ನೀರನ್ನು ಹೀರುತ್ತದೆ, ಕೋಶ ಕುಗ್ಗುತ್ತದೆ, ಹೆಚ್ಚಾದ ಪೊರೆ ಚಿಕ್ಕ ಗುಳ್ಳೆಗಳಾಗಿ ಕಳಚಿ ಒಳಗೆ ಸೇರುತ್ತದೆ. ಕರಗಿದ ನೀರು ವಾಪಸ್ ಬಂದಾಗ ಹಿಗ್ಗಲು ಪೊರೆಯೇ ಸಾಲದು. ಪಳಗಿದ ಕೋಶದಲ್ಲಿ ಆ ಹೆಚ್ಚುವರಿ ಪೊರೆ ಹೊರಮೈಗೆ ಅಂಟಿಕೊಂಡೇ ಇದ್ದು ಮತ್ತೆ ಬಳಕೆಗೆ ಬರುತ್ತದೆ. ಕೋಶದೊಳಗೇ ಗಡ್ಡೆ ಕಟ್ಟಿದರೆ ಮಾತ್ರ ಯಾವ ಉಪಾಯವೂ ಇಲ್ಲ.

ಚೌಳುನೆಲ

"ಎರಡೂ ನೀರಿನ ಕೊರತೆ" ಎಂಬುದು ಅರ್ಧ ಸತ್ಯ. ಲೆಕ್ಕ ಹಾಕಿ. ಮಂಜುಗಡ್ಡೆ ಪ್ರತಿ ಡಿಗ್ರಿಗೆ ಸುಮಾರು 1.2 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ಬಲದಿಂದ ನೀರು ಸೆಳೆಯುತ್ತದೆ. −6ರಲ್ಲಿ ಅದು 7ಕ್ಕೂ ಹೆಚ್ಚು. ನಿಮ್ಮ 150 ಮಿಲಿಮೋಲಾರ್ ಉಪ್ಪುನೀರು ಸೆಳೆಯುವುದು ಬರೀ 0.7. ಕೋಶರಸದ್ದು 0.8 ಇದ್ದರೆ −6ರಲ್ಲಿ ಕೋಶದ ನೀರಿನಲ್ಲಿ ಒಂಬತ್ತನೆಯ ಒಂದು ಪಾಲಷ್ಟೇ ಉಳಿಯುತ್ತದೆ. ಸಕ್ಕರೆ, ಪ್ರೋಲೀನ್ (ಒಂದು ಅಮೈನೋ ಆಮ್ಲ) ಕೂಡಿಟ್ಟು ಆ 0.8 ಅನ್ನು 1.6 ಮಾಡಿಕೊಂಡರೆ ಉಳಿಯುವ ನೀರೂ ಇಮ್ಮಡಿ. 2–5 ಡಿಗ್ರಿಯಲ್ಲಿ ಕೆಲವು ವಾರ ಪಳಗಿಸಿದಾಗ ಆಗುವ ಬದಲಾವಣೆಗಳಲ್ಲಿ ಇದೂ ಒಂದು.

ಉಪ್ಪಿನ ಸೆಳೆತ ಚಿಕ್ಕದು, ಆದರೆ ಅದು ಮಂಜುಗಡ್ಡೆಯಂತೆ ಕರಗಿ ಹೋಗುವುದಿಲ್ಲ. ಎಲೆಗೆ ಬಂದ ಸೋಡಿಯಂ ಅಲ್ಲೇ ಜಮೆಯಾಗುತ್ತದೆ. ನೀವು ನೋಡಿದ ಬಾಡು-ಏಳು ಮೊದಲ ಘಟ್ಟ. ಉಪ್ಪು ತಡೆಯದ ತಳಿಯೂ ಮರುದಿನ ಏಳುತ್ತದೆ. ತಳಿಗಳ ವ್ಯತ್ಯಾಸ ತಿಳಿಯುವುದು ಎರಡು-ಮೂರು ವಾರಕ್ಕೆ, ಹಳೆಯ ಎಲೆಗಳು ತುದಿಯಿಂದ ಸುಡತೊಡಗಿದಾಗ. ಬ್ರೆಡ್ ಗೋಧಿ ಸೋಡಿಯಂ ಎಲೆಗೆ ಏರದಂತೆ ಬೇರಲ್ಲೇ ತಡೆಯುತ್ತದೆ. ಬಾರ್ಲಿ ಒಳಗೆ ಬಿಟ್ಟುಕೊಂಡು ರಸದಾನಿಗೆ (ಕೋಶದೊಳಗಿನ ರಸದ ಚೀಲ, ವ್ಯಾಕ್ಯೂಲ್) ತುಂಬಿ ಬಾಗಿಲು ಹಾಕುತ್ತದೆ. ಹಾಗಾಗಿ ಎಲೆಯ ಸೋಡಿಯಂ ಅಂಕಿಯೊಂದನ್ನೇ ಹಿಡಿದು ಈ ಎರಡು ಬೆಳೆಗಳನ್ನು ಹೋಲಿಸಿದರೆ ದಾರಿ ತಪ್ಪುತ್ತೀರಿ.

ಕೊಡುವ ಕ್ರಮವೂ ಬದಲಾಗಲಿ. 12 ಗಂಟೆಗೆ 25 ಮಿಲಿಮೋಲಾರ್ (ಲೀಟರಿಗೆ 1.46 ಗ್ರಾಂ) ಏರಿಸುತ್ತಾ ಮೂರು ದಿನದಲ್ಲಿ 150 ಮುಟ್ಟಿ. ಜೊತೆಗೆ ಸೋಡಿಯಂ 15 ಮೋಲ್‌ಗೆ ಕ್ಯಾಲ್ಸಿಯಂ 1 ಮೋಲ್ ಸೇರಿಸಿ. ಇಲ್ಲವಾದರೆ ಬೇರಿನ ಪೊರೆಯಲ್ಲಿ ಕ್ಯಾಲ್ಸಿಯಂನ ಜಾಗಕ್ಕೆ ಸೋಡಿಯಂ ಬಂದು ಪೊರೆ ಸೋರುತ್ತದೆ, ನೀವು ಅಳೆಯುವುದು ಕ್ಯಾಲ್ಸಿಯಂ ಕೊರತೆಯನ್ನು. ಮೂರನೆಯ ಎಲೆ ಹೊರಬಂದು 10 ದಿನಕ್ಕೆ ಕಿತ್ತು ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಅಳೆಯಿರಿ.

ಗರಿಕೆ

ಇಬ್ಬರಿಗೂ ಧನ್ಯವಾದ. ಪೊರೆಗೆ ಎಷ್ಟು ಪೆಟ್ಟಾಗಿದೆ ಎಂದು ತಿಳಿಯಲು ಎಲೆಯ ಸೋರಿಕೆಯನ್ನು ಇಸಿ (ವಿದ್ಯುತ್ ವಾಹಕತೆ) ಮೀಟರಿನಲ್ಲಿ ಅಳೆದಾಗ ಉಪ್ಪು ಕೊಟ್ಟ, ನೋಡಲು ಹಸಿರಾಗಿಯೇ ಇರುವ ಎಲೆ ಕೂಡ ಶೇ 60 ತೋರಿಸುತ್ತಿದೆ. ಕುಂಡದಲ್ಲಿ ಮಣ್ಣೇ ಇದೆ, ಕ್ಯಾಲ್ಸಿಯಂಗಾಗಿ ಅದಕ್ಕೆ ಜಿಪ್ಸಂ ಹಾಕಬೇಕೇ?

ಒಳಪೊರೆ

ತುಂಡು ಮಾಡಿದ ಅಂಚಿನಿಂದ ಹರಿದ ರಸ, ಎಲೆ ಮೈಗೆ ಅಂಟಿದ ಉಪ್ಪು, ಎರಡೂ ಲೆಕ್ಕಕ್ಕೆ ಸೇರಿವೆ. ತುಂಡುಗಳನ್ನು ಅಯಾನುರಹಿತ ನೀರಿನಲ್ಲಿ ಮೂರು ಸಲ ತೊಳೆದು, 10 ಮಿ.ಲೀ. ಹೊಸ ನೀರಿಗೆ ಹಾಕಿ, ಕೆಲವು ಗಂಟೆ ಅಲುಗಾಡಿಸಿ ಮೊದಲ ಓದು. ಆಮೇಲೆ ಕುದಿಸಿ ಎರಡನೆಯದು; ಮೊದಲನೆಯದು ಎರಡನೆಯದರ ಶೇಕಡಾ ಎಷ್ಟೋ ಅದೇ ಸೋರಿಕೆ. ಕುದಿಸಿದ್ದು ಪೂರ್ತಿ ಆರಲಿ: ಒಂದೊಂದು ಡಿಗ್ರಿಗೂ ಇಸಿ ಸುಮಾರು ಶೇ 2 ಏರುತ್ತದೆ.

ಚೌಳುನೆಲ

ಜಿಪ್ಸಂ ಬೇಡ. ಅದು ಸೋಡಿಯಂ ಮಣ್ಣಿನ ಕಣಗಳಿಗೆ ಅಂಟಿ ನೀರು ಇಂಗದಂತಾದ ಕ್ಷಾರ ನೆಲದ ಮದ್ದು. ಬರೀ ಉಪ್ಪು ಹೆಚ್ಚಾದಲ್ಲಿ ಕೆಲಸ ಮಾಡುವುದು ತೊಳೆಯುವ ನೀರು ಮತ್ತು ಅದು ಹೊರಹೋಗಲು ದಾರಿ. ಕುಂಡದಲ್ಲಂತೂ ಪ್ರತಿ ಸಲ ಕೊಟ್ಟ ದ್ರಾವಣದ ಮೂರನೆಯ ಒಂದು ಪಾಲಾದರೂ ತಳದಿಂದ ಹರಿಯಬೇಕು. ಇಲ್ಲದಿದ್ದರೆ ನೀರು ಆರಿದಂತೆ ಉಪ್ಪು ಗಟ್ಟಿಯಾಗಿ, ನೀವು 150 ಎಂದು ಬರೆದುಕೊಂಡದ್ದು ವಾರದಲ್ಲಿ 300 ಆಗಿರುತ್ತದೆ. ಹರಿದ ನೀರಿನ ಇಸಿ ನೋಡಿ. 150 ಮಿಲಿಮೋಲಾರ್ ಅಂದರೆ ಇಸಿ ಒಂದು ಮೀಟರ್ ಉದ್ದಕ್ಕೆ ಸುಮಾರು 15 ಡೆಸಿಸೀಮೆನ್ಸ್ (ವಾಹಕತೆಯ ಅಳತೆ, dS/m). ಮಣ್ಣಿಗೆ ಐದು ಪಾಲು ನೀರು ಬೆರೆಸಿ ಅಳೆದ ಇಸಿಯನ್ನು ಇದಕ್ಕೆ ಹೋಲಿಸಬೇಡಿ, ಅದು ಯಾವಾಗಲೂ ಬಹಳ ಕಡಿಮೆ ತೋರಿಸುತ್ತದೆ.