ಸಹಾಯ ಬೇಕು: ಮದ್ರಸಕ್ಕೆ ಬಂದ ಝಕಾತ್ ಹಣದಿಂದ ಮಳಿಗೆ ಕೊಳ್ಳಬಹುದೇ?

ಅಸ್ಸಲಾಮು ಅಲೈಕುಂ. ಭಟ್ಕಳ ಸಮೀಪದ ನಮ್ಮ ಊರಿನ ಮದ್ರಸದ ಲೆಕ್ಕಪತ್ರ ನೋಡಿಕೊಳ್ಳುವ ಹೊಣೆ ನನ್ನದು. ಊರಿನವರಿಂದಲೂ ಗಲ್ಫಿನಲ್ಲಿರುವವರಿಂದಲೂ ಬರುವ ಝಕಾತ್ (ಕಡ್ಡಾಯ ದಾನ) ಮತ್ತು ಸಾಮಾನ್ಯ ಸದಕಾ (ಸ್ವಇಚ್ಛೆಯ ದಾನ) ಹಣವನ್ನು ಬೇರೆ ಬೇರೆ ಖಾತೆಯಲ್ಲಿಯೇ ಇಟ್ಟಿದ್ದೇವೆ. ಬಡ ಮಕ್ಕಳ ಊಟ, ಪುಸ್ತಕದ ಖರ್ಚು ಕಳೆದು ಉಳಿದ ಮೊತ್ತವನ್ನು ಬ್ಯಾಂಕಿನ ಠೇವಣಿಯಲ್ಲಿಟ್ಟರೆ ಬಡ್ಡಿಯಾಗುತ್ತದೆ, ಅದನ್ನು ಯಾರೂ ಒಪ್ಪುವುದಿಲ್ಲ. ಅಂಗಡಿ ಮಳಿಗೆಯೊಂದನ್ನು ಕೊಂಡು, ಅದರ ಬಾಡಿಗೆಯಿಂದ ಉಸ್ತಾದರ (ಶಿಕ್ಷಕರ) ಸಂಬಳ ಕೊಡೋಣ ಎಂಬುದು ಸಮಿತಿಯ ಸಲಹೆ.

ಸದಕಾ ಹಣದ ಮಟ್ಟಿಗೆ, ದಾನಿಗಳ ಒಪ್ಪಿಗೆಯಿದ್ದರೆ, ನನಗೆ ಆತಂಕವಿಲ್ಲ. ಝಕಾತ್ ಮಾತ್ರ ಕುರ್‌ಆನಿನ 9:60ರಲ್ಲಿ ಹೇಳಿದ ಎಂಟು ವರ್ಗದವರಿಗೇ ಸಲ್ಲಬೇಕು. ಅರ್ಹರನ್ನೇ ಅದರ ಒಡೆಯರನ್ನಾಗಿ ಮಾಡಬೇಕೆಂದು ಹನಫೀ ಮದ್‌ಹಬಿನ (ಧರ್ಮಶಾಸ್ತ್ರ ಪಂಥದ) ವಿದ್ವಾಂಸರು ಹೇಳಿದರೆ, ನಾವು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಅದರ ವಿತರಣೆಯನ್ನು ಕಾರಣವಿಲ್ಲದೆ ತಡಮಾಡುವಂತಿಲ್ಲ. ಆದರೆ 1986ರಲ್ಲಿ ಅಮ್ಮಾನಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿಯು, ಅರ್ಹರ ತುರ್ತು ಅಗತ್ಯಗಳು ಪೂರೈಸಿದ ಮೇಲೆ, ನಷ್ಟವಾಗದಂತೆ ಸಾಕಷ್ಟು ಭದ್ರತೆಯಿದ್ದರೆ, ಕೊನೆಗೆ ಅವರದೇ ಒಡೆತನಕ್ಕೆ ಬರುವ ಅಥವಾ ಝಕಾತಿನ ಅಧಿಕೃತ ಆಡಳಿತದ ಅಧೀನದಲ್ಲಿರುವ ಯೋಜನೆಗಳಲ್ಲಿ ಹೂಡಬಹುದೆಂದು ನಿರ್ಣಯಿಸಿದೆ. ಊರಿನ ಆಲಿಮರನ್ನು (ಧಾರ್ಮಿಕ ವಿದ್ವಾಂಸರನ್ನು) ಕೇಳಿದಾಗ ಒಬ್ಬರು ಈ ನಿರ್ಣಯವನ್ನು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. ಮಕ್ಕಳ ಹಕ್ಕಿನ ಹಣವಾದ್ದರಿಂದ ಅಂದಾಜಿನ ಮೇಲೆ ನಡೆಯಲು ನನಗೆ ಮನಸ್ಸು ಬರುತ್ತಿಲ್ಲ.

ಶಾಫಿಈ ಫಿಕ್ಹ್ ಬಲ್ಲವರು ದಯವಿಟ್ಟು ತಿಳಿಸಿ: ನಮ್ಮಂಥ ಊರಿನ ಸಮಿತಿಯನ್ನು ಅಂಥ ಅಧಿಕೃತ ಆಡಳಿತವೆಂದು ಪರಿಗಣಿಸಿ, ಝಕಾತ್ ಹಣದಿಂದ ಮದ್ರಸದ ಹೆಸರಿನಲ್ಲಿ ಮಳಿಗೆ ಕೊಳ್ಳಬಹುದೇ? ಕೊಳ್ಳಬಹುದಾದರೆ, ಅದರ ಬಾಡಿಗೆಯಿಂದ ಉಸ್ತಾದರಿಗೆ ಸಂಬಳ ಕೊಡಬಹುದೇ, ಅಥವಾ ಅದು ಬಡ ವಿದ್ಯಾರ್ಥಿಗಳಿಗೆ ಮಾತ್ರ ಸಲ್ಲಬೇಕೇ?